ಪ್ರಾಡಕ್ಟ್ ಬ್ಯಾಕ್‌ಲಾಗ್

ಆ್ಯಪ್ ಅಥವಾ ತಂತ್ರಾಂಶವೊಂದರಲ್ಲಿ ಇನ್ನೂ ಆಗಬೇಕಾದ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಜೋಡಿಸಿದ ಪಟ್ಟಿ. ಹೊಸ ಸೌಲಭ್ಯ, ದೋಷಗಳ ತಿದ್ದುಪಡಿ, ಹಳೆಯ ಕೋಡಿನ ದುರಸ್ತಿ ಎಲ್ಲವೂ ಇದರಲ್ಲೇ ಸೇರುತ್ತವೆ. ಯಾವುದು ಮೊದಲು ಎಂಬ ತೀರ್ಮಾನ ಆ ತಂತ್ರಾಂಶದ ಹೊಣೆ ಹೊತ್ತ ಪ್ರಾಡಕ್ಟ್ ಓನರ್ ಒಬ್ಬರದೇ.

1970–80ರ ದಶಕಗಳ ದೊಡ್ಡ ಯೋಜನೆಗಳಲ್ಲಿ ಬೇಕುಬೇಡಗಳನ್ನೆಲ್ಲ ಮೊದಲೇ ದಪ್ಪ ದಾಖಲೆಯಾಗಿ ಬರೆದು, ಸಹಿ ಹಾಕಿಸಿಕೊಂಡು, ಆಮೇಲೆ ಕೋಡಿಗೆ ಕೈಹಾಕುತ್ತಿದ್ದರು. ತಂತ್ರಾಂಶ ಮುಗಿಯುವ ಹೊತ್ತಿಗೆ ಬಳಸುವವರ ಅಗತ್ಯವೇ ಎಷ್ಟೋ ಸಲ ಬದಲಾಗಿರುತ್ತಿತ್ತು. 1993ರಲ್ಲಿ ಅಮೆರಿಕದ ಈಸೆಲ್ ಕಾರ್ಪೊರೇಷನ್ನಿನಲ್ಲಿ ಜೆಫ್ ಸದರ್‌ಲ್ಯಾಂಡ್ ತಂಡ, ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡಿ ಮುಗಿಸುವ ಸ್ಕ್ರಮ್ ಪದ್ಧತಿಯನ್ನು ಆರಂಭಿಸಿತು. 1995ರಲ್ಲಿ ಕೆನ್ ಶ್ವೇಬರ್ ಸ್ಕ್ರಮ್ ಕುರಿತು ಮಂಡಿಸಿದ ಪ್ರಬಂಧದಲ್ಲಿ ಬ್ಯಾಕ್‌ಲಾಗಿನ ವಿವರಣೆ ಇದೆ. ಬದಲಾವಣೆಗೆ ಹೊಂದಿಕೊಳ್ಳುತ್ತ ತಂತ್ರಾಂಶ ಕಟ್ಟಬೇಕೆನ್ನುವ 2001ರ ಅಜೈಲ್ ಪ್ರಣಾಳಿಕೆ ಈ ಬಗೆಯ ಕೆಲಸಕ್ಕೆ ಜಗತ್ತಿನಾದ್ಯಂತ ಮನ್ನಣೆ ತಂದಿತು. 2002ರಲ್ಲಿ ಬಂದ ಜಿರಾದಂಥ, ಕೆಲಸಗಳ ಲೆಕ್ಕವಿಡುವ ತಂತ್ರಾಂಶಗಳಿಂದ ಪಟ್ಟಿ ಕ್ರಮೇಣ ಗೋಡೆಯ ಚೀಟಿಗಳಿಂದ ಪರದೆಗೆ ಸರಿಯಿತು. 2008ರಲ್ಲಿ ಆಪಲ್ ಮತ್ತು ಆಂಡ್ರಾಯ್ಡ್ ಆ್ಯಪ್ ಮಳಿಗೆಗಳು ತೆರೆದವು. ಅವುಗಳ ಮೂಲಕ ಬಳಕೆದಾರರ ದೂರು ನೇರವಾಗಿ ತಂಡದ ಮುಂದೆ ಬಂದು ಬೀಳುವಂತಾಯಿತು.

ಈ ಪದ್ಧತಿ ಈಗ ತರಗತಿಗೂ ಬಂದಿದೆ: ಶಿವಮೊಗ್ಗದಲ್ಲಿ 1980ರಲ್ಲಿ ಆರಂಭವಾದ ಜೆ.ಎನ್.ಎನ್. ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಸಾಫ್ಟ್‌ವೇರ್ ಎಂಜಿನಿಯರಿಂಗ್ ವಿಷಯದ ಮೂಲಕ ವಿದ್ಯಾರ್ಥಿಗಳಿಗೆ ಅಜೈಲ್ ಪರಿಚಯವಾಗುತ್ತದೆ. ಈ ಊರಿಗೆ ಒಪ್ಪುವ ಉದಾಹರಣೆಯೆಂದರೆ ಅಡಿಕೆ ಧಾರಣೆ ತೋರಿಸುವ ಆ್ಯಪ್. ಅದರ ಪಟ್ಟಿಯ ಮೇಲ್ತುದಿಯಲ್ಲಿ ಇರಬೇಕಾದದ್ದು ಶಿವಮೊಗ್ಗ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ಇವತ್ತಿನ ಧಾರಣೆ. ಭದ್ರಾವತಿ ಮಾರುಕಟ್ಟೆಯದ್ದು ಎರಡನೆಯದು, ಧಾರಣೆ ಏರಿದಾಗ ಮೊಬೈಲಿಗೆ ಸಂದೇಶ ಮೂರನೆಯದು. ಐದು ವರ್ಷದ ನಕ್ಷೆ, ಪರದೆಯ ಬಣ್ಣ ಇವೆಲ್ಲ ಕೆಳಗೆ, ಒಂದೊಂದೇ ಸಾಲಿನಲ್ಲಿ. ಮೇಲಿನವನ್ನು ಮಾತ್ರ ಕೆಲವೇ ದಿನಗಳಲ್ಲಿ ಮುಗಿಯುವಷ್ಟು ಸಣ್ಣದಾಗಿ ಬಿಡಿಸಿ ಬರೆಯುತ್ತಾರೆ. ನಡುವೆ ಬೆಟ್ಟೆಯ ಜಾಗದಲ್ಲಿ ರಾಶಿಯ ಧಾರಣೆ ಕಾಣಿಸಿತೆನ್ನಿ, ಉಳಿದದ್ದೆಲ್ಲ ಪಕ್ಕಕ್ಕಿಟ್ಟು ಮೊದಲು ಅದನ್ನೇ ಸರಿಪಡಿಸಬೇಕು. ತಪ್ಪು ಧಾರಣೆ ನಂಬಿ ಬೆಳೆಗಾರ ಮಾಲು ಬಿಟ್ಟುಕೊಟ್ಟರೆ ಆ ನಷ್ಟ ತುಂಬಿಕೊಡುವವರಿಲ್ಲ.

ಬೇಡಿಕೆಯ ತೂಕವೊಂದೇ ಕ್ರಮವನ್ನು ನಿರ್ಧರಿಸುವುದಿಲ್ಲ. ಎರಡು ಮಾರುಕಟ್ಟೆಗಳ ಧಾರಣೆ ತೋರಿಸಬೇಕಾದರೆ ದತ್ತಾಂಶವನ್ನು ಮಾರುಕಟ್ಟೆವಾರು ಇಡುವ ಕೆಲಸ ಮೊದಲಾಗಬೇಕು. ಅದನ್ನು ಯಾವ ಬಳಕೆದಾರನೂ ಕೇಳಿರುವುದಿಲ್ಲ. ಇಂಥ ಅವಲಂಬನೆ, ಅಪಾಯಗಳೂ ಲೆಕ್ಕಕ್ಕೆ ಬರಲೆಂದೇ ಸ್ಕ್ರಮ್ ಪದ್ಧತಿಯ ಅಧಿಕೃತ ಕೈಪಿಡಿ ಸ್ಕ್ರಮ್ ಗೈಡ್ 2011ರಲ್ಲಿ ‘ಆದ್ಯತೆಯ ಪಟ್ಟಿ’ ಎಂಬುದರ ಬದಲು ‘ಕ್ರಮಬದ್ಧ ಪಟ್ಟಿ’ ಎಂದು ಹೇಳತೊಡಗಿತು. ಆದರೂ ವರ್ಷಗಟ್ಟಲೆ ಯಾರೂ ಮುಟ್ಟದ ನೂರಾರು ಸಾಲುಗಳನ್ನು ಹೊತ್ತ ಪಟ್ಟಿಗಳು ಇಂದಿಗೂ ಸಾಮಾನ್ಯ. ಅವನ್ನು ಅಳಿಸಿಹಾಕುವುದೇ ಲೇಸು. ಸ್ಕ್ರಮ್ ಗೈಡಿನ 2020ರ ಆವೃತ್ತಿ ಬ್ಯಾಕ್‌ಲಾಗಿಗೆ ಒಂದು ಸ್ಪಷ್ಟ ಗುರಿಯನ್ನೂ ಕಡ್ಡಾಯ ಮಾಡಿದೆ.