ಬಸುರಿಯ ತೂಕ, ಬಾಣಂತಿಯ ಹಾಲು

ಗರ್ಭಿಣಿಯಾದವಳು ಒಂಬತ್ತು ತಿಂಗಳಲ್ಲಿ ಎಷ್ಟು ತೂಕ ಏರಬೇಕು? ಈ ಪ್ರಶ್ನೆಗೆ ವೈದ್ಯವಿಜ್ಞಾನ ಕೊಟ್ಟ ಉತ್ತರ ಕಳೆದ ನೂರಮೂವತ್ತು ವರ್ಷಗಳಲ್ಲಿ ಹಲವು ಬಾರಿ ಬದಲಾಗಿದೆ. ಬಹುಕಾಲ ಆ ಉತ್ತರವನ್ನು ನಿರ್ಧರಿಸಿದ್ದು ಹೆರಿಗೆಯ ದಿನದ ಭಯ. ಹೆರಿಗೆಯಾದ ಮೇಲೆ ತಿಂಗಳುಗಟ್ಟಲೆ ನಡೆಯುವ ಹಾಲೂಡಿಕೆಯ ವಿಚಾರ ಲೆಕ್ಕಕ್ಕೆ ಬಂದದ್ದು ತೀರಾ ತಡವಾಗಿ.

1889ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ವೈದ್ಯ ಲುಡ್ವಿಗ್ ಪ್ರೊಖೋವ್ನಿಕ್ ಬಸುರಿಯರಿಗಾಗಿ ಒಂದು ಪಥ್ಯವನ್ನು ಪ್ರಕಟಿಸಿದ. ಬಾಲ್ಯದಲ್ಲಿ ರಿಕೆಟ್ಸ್ ತಗುಲಿ ಸೊಂಟದ ಎಲುಬುಗೂಡು ಕಿರಿದಾಗಿದ್ದ ಹೆಂಗಸರು ಆ ಕಾಲದ ಕೈಗಾರಿಕಾ ನಗರಗಳಲ್ಲಿ ಬಹಳ ಮಂದಿ ಇದ್ದರು. ಮಗು ದೊಡ್ಡದಾದರೆ ಹೆರಿಗೆಯಾಗುವುದೇ ಕಷ್ಟ. ಸಿಸೇರಿಯನ್ ಮಾಡಿದರೆ ತಾಯಿ ಉಳಿಯುವ ಭರವಸೆ ಕಡಿಮೆ. ಆದ್ದರಿಂದ ಕೊನೆಯ ವಾರಗಳಲ್ಲಿ ಪಿಷ್ಟ, ಸಕ್ಕರೆ ಮತ್ತು ನೀರನ್ನು ಕಡಿತಗೊಳಿಸಿ ಮಗುವನ್ನು ಚಿಕ್ಕದಾಗಿಸುವುದು ಆತನ ಉಪಾಯ. ಅಂದಿನ ಸ್ಥಿತಿಯಲ್ಲಿ ಅದನ್ನು ತಪ್ಪೆನ್ನಲಾಗದು. 'ಹೆಚ್ಚು ಉಂಡರೆ ಮಗು ದಪ್ಪವಾಗುತ್ತದೆ, ಹೆರಿಗೆ ಕಷ್ಟ' ಎಂದು ನಮ್ಮ ಹಳ್ಳಿಗಳ ಹಿರಿಯ ಹೆಂಗಸರು ಹೇಳುವುದರ ಹಿಂದೆಯೂ ಇದೇ ತರ್ಕವಿದೆ. ತೊಂದರೆಯಾದದ್ದು, ರಿಕೆಟ್ಸ್ ಇಳಿಮುಖವಾಗಿ ಶಸ್ತ್ರಕ್ರಿಯೆ ಸುರಕ್ಷಿತವಾದ ಮೇಲೂ ಪಥ್ಯ ಉಳಿದುಕೊಂಡದ್ದರಿಂದ.

ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಈ ಪಥ್ಯಕ್ಕೆ ಹೊಸ ಸಮರ್ಥನೆ ಸಿಕ್ಕಿತು. ರಕ್ತದೊತ್ತಡ ಏರಿ, ಮೈ ಊದಿ, ಕೆಲವೊಮ್ಮೆ ಸೆಳವು ಬಂದು ತಾಯಿಯೇ ಸಾಯುವ ಗರ್ಭನಂಜಿಗೆ ಅತಿ ತೂಕವೇ ಕಾರಣವೆಂದು ಪ್ರಸೂತಿ ತಜ್ಞರು ನಂಬಿದರು. ಈ ರೋಗದಲ್ಲಿ ತೂಕ ಥಟ್ಟನೆ ಏರುವುದು ನಿಜ. ಆದರೆ ಅದು ಮೈಯಲ್ಲಿ ನಿಂತ ನೀರಿನ ತೂಕ, ರೋಗದ ಲಕ್ಷಣ. ಲಕ್ಷಣವನ್ನೇ ಕಾರಣವೆಂದು ತಿಳಿದು, 1960ರ ದಶಕದವರೆಗೂ ಗರ್ಭಿಣಿಯರ ತೂಕವನ್ನು 7ರಿಂದ 9 ಕಿಲೋಗ್ರಾಂ ಏರಿಕೆಗೆ ಮಿತಗೊಳಿಸಲಾಯಿತು. ಉಪ್ಪು ಬಿಡಿಸಿದ್ದಷ್ಟೇ ಅಲ್ಲ, ಮೂತ್ರ ಹೆಚ್ಚಿಸುವ ಮಾತ್ರೆ, ಹಸಿವು ಅಡಗಿಸುವ ಮಾತ್ರೆಗಳನ್ನೂ ಬರೆದುಕೊಟ್ಟರು.

ಊಟ ಕಡಿಮೆಯಾದರೆ ಮಗುವಿಗೆ ಏನಾಗುತ್ತದೆಂಬುದನ್ನು ಈ ನಡುವೆ ಯುದ್ಧವೇ ತೋರಿಸಿತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ಸಾಗಣೆಯನ್ನು ತಡೆದಾಗ ಪಶ್ಚಿಮ ನೆದರ್‌ಲೆಂಡ್ಸ್‌ನ ನಗರಗಳಲ್ಲಿ ಪಡಿತರ ದಿನಕ್ಕೆ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಗರ್ಭದ ಕೊನೆಯ ಮೂರು ತಿಂಗಳು ಈ ಕ್ಷಾಮಕ್ಕೆ ಸಿಕ್ಕ ತಾಯಂದಿರ ಶಿಶುಗಳ ಸರಾಸರಿ ತೂಕ ಸುಮಾರು 300 ಗ್ರಾಂ ಕುಸಿಯಿತು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಆಹಾರ ಬಂದ ಮೇಲೆ ಜನನ ತೂಕ ಬೇಗನೆ ಚೇತರಿಸಿಕೊಂಡಿತು.

ತೂಕದ ನಿಜವಾದ ಲೆಕ್ಕ ಬಿಡಿಸಿದವರು ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ ಕೆಲಸ ಮಾಡಿದ ಫ್ರಾಂಕ್ ಹೈಟೆನ್ ಮತ್ತು ಇಸಾಬೆಲ್ಲಾ ಲೀಚ್. ಗರ್ಭಧಾರಣೆಯ ಶರೀರಕ್ರಿಯೆ ಕುರಿತ ಅವರ ಗ್ರಂಥ 1964ರಲ್ಲಿ ಹೊರಬಂತು. ಹೊಟ್ಟೆತುಂಬ ಉಣ್ಣುವ ಆರೋಗ್ಯವಂತ ಹೆಂಗಸು ಸರಾಸರಿ 12.5 ಕಿಲೋಗ್ರಾಂ ಏರುತ್ತಾಳೆಂದು ಅವರು ಕಂಡುಕೊಂಡರು. ಮಗು ಸುಮಾರು 3.4 ಕಿಲೋಗ್ರಾಂ, ಮಾಸು 650 ಗ್ರಾಂ, ಗರ್ಭಜಲ 800 ಗ್ರಾಂ, ಬೆಳೆದ ಗರ್ಭಕೋಶ ಒಂದು ಕಿಲೋಗ್ರಾಂ, ಸ್ತನಗಳು 400 ಗ್ರಾಂ, ಹೆಚ್ಚಿದ ರಕ್ತ ಮತ್ತು ಮೈನೀರು ಸೇರಿ ಸುಮಾರು 3 ಕಿಲೋಗ್ರಾಂ. ಇಷ್ಟನ್ನೂ ಕೂಡಿಸಿದರೆ 9 ಕಿಲೋಗ್ರಾಂ ಚಿಲ್ಲರೆ. ಉಳಿದ ಮೂರು ಕಿಲೋಗ್ರಾಂಗಿಂತ ಹೆಚ್ಚಿನ ತೂಕ ಎಲ್ಲಿ ಹೋಯಿತು?

ಅದು ತಾಯಿಯ ಹೊಟ್ಟೆ, ಬೆನ್ನು, ತೊಡೆಗಳಲ್ಲಿ ಶೇಖರವಾದ ಕೊಬ್ಬು. ಹೆಚ್ಚಿನ ಭಾಗ ಗರ್ಭದ ನಡುವಿನ ತಿಂಗಳುಗಳಲ್ಲೇ, ಅಂದರೆ ಮಗು ಇನ್ನೂ ಚಿಕ್ಕದಿರುವಾಗಲೇ, ಕೂಡುತ್ತದೆ. ಓದುಗರು ತಾವೇ ಲೆಕ್ಕ ಹಾಕಬಹುದು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, 3.3 ಕಿಲೋಗ್ರಾಂನಲ್ಲಿ ಸುಮಾರು 30,000. ದಿನಕ್ಕೆ ಮುಕ್ಕಾಲು ಲೀಟರ್ ಹಾಲು ತಯಾರಿಸಲು ತಾಯಿಗೆ ಸುಮಾರು 600 ಕ್ಯಾಲೊರಿ ಬೇಕು. ದಿನಕ್ಕೆ 300ರಂತೆ ಖರ್ಚಾದರೆ ಈ ದಾಸ್ತಾನು ನೂರು ದಿನ ಹಾಲಿನ ಅರ್ಧ ವೆಚ್ಚವನ್ನು ಭರಿಸುತ್ತದೆ. ಅಮೆರಿಕದ ವೈದ್ಯರು ಕಡಿದು ಹಾಕುತ್ತಿದ್ದ 'ಅನವಶ್ಯಕ' ಕಿಲೋಗ್ರಾಂಗಳೆಂದರೆ ಮುಖ್ಯವಾಗಿ ಇವೇ.

1970ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ಮಿತಿಯನ್ನು 9ರಿಂದ 11 ಕಿಲೋಗ್ರಾಂಗೆ ಏರಿಸಿತು. ಎಲ್ಲರಿಗೂ ಒಂದೇ ಅಂಕಿ ಸಲ್ಲದೆಂದು 1990ರಲ್ಲಿ ಅಲ್ಲಿನ ವೈದ್ಯಕೀಯ ಸಂಸ್ಥೆ ಗರ್ಭಕ್ಕೆ ಮುಂಚಿನ ಮೈಕಟ್ಟನ್ನು ಆಧರಿಸಿ ಬೇರೆ ಬೇರೆ ಮಿತಿ ಕೊಟ್ಟಿತು.

ಇನ್ನು ದಾಸ್ತಾನೇ ಇಲ್ಲದ ತಾಯಿಯ ಪಾಡೇನು? ಇದನ್ನು ಕೇಳಿದವರಲ್ಲಿ ಮೊದಲಿಗರು ನಮ್ಮ ದೇಶದವರೇ. ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯ (ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು) 1950ರ ದಶಕದಲ್ಲಿ ಬಡ ಬಾಣಂತಿಯರ ಹಾಲನ್ನು ಅಳೆಯಿತು. ಅದರ ನೇತೃತ್ವ ಸಿ. ಗೋಪಾಲನ್ ಅವರದು. ಬಡ ಭಾರತೀಯ ಬಸುರಿ ಏರುತ್ತಿದ್ದದ್ದು ಆರು ಕಿಲೋಗ್ರಾಂನ ಆಸುಪಾಸು, ಹುಟ್ಟುವ ಮಗು 2.7 ಕಿಲೋಗ್ರಾಂ. ಆದರೂ ಆಕೆಗೆ ದಿನಕ್ಕೆ ಅರ್ಧ ಲೀಟರಿನಷ್ಟು ಹಾಲು ಬರುತ್ತಿತ್ತು, ಅದರಲ್ಲಿ ಪ್ರೋಟೀನು ಹೆಚ್ಚು ಕಡಿಮೆಯಾಗುತ್ತಿರಲಿಲ್ಲ. ಮಗು ಮೊದಲ ತಿಂಗಳುಗಳಲ್ಲಿ ತಕ್ಕಮಟ್ಟಿಗೆ ಬೆಳೆಯುತ್ತಿತ್ತು. ವೆಚ್ಚ ಬೀಳುತ್ತಿದ್ದದ್ದು ತಾಯಿಯ ಮೈಮೇಲೆ.

ಹಾಗಾದರೆ ಬಾಣಂತಿಗೆ ಹೆಚ್ಚು ಉಣಿಸಿದರೆ ಹಾಲು ಹೆಚ್ಚುತ್ತದೆಯೇ? ಪಶ್ಚಿಮ ಆಫ್ರಿಕದ ಗ್ಯಾಂಬಿಯಾ ದೇಶದ ಕೆನೆಬಾ ಎಂಬ ಹಳ್ಳಿಯಲ್ಲಿ ಬ್ರಿಟಿಷ್ ವಿಜ್ಞಾನಿಗಳು 1970ರ ದಶಕದ ಕೊನೆಯಲ್ಲಿ ಇದನ್ನು ಪರೀಕ್ಷಿಸಿದರು. ಪೂರಕ ಆಹಾರ ಕೊಟ್ಟರೂ ಹಾಲಿನ ಪ್ರಮಾಣ ಏರಲಿಲ್ಲ. ಅದೇ ದೇಶದಲ್ಲಿ ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶ 1997ರಲ್ಲಿ ಪ್ರಕಟವಾಯಿತು. ಹುರಿದ ನೆಲಗಡಲೆ, ಅಕ್ಕಿಹಿಟ್ಟು, ಸಕ್ಕರೆ, ಎಣ್ಣೆ ಸೇರಿಸಿ ಮಾಡಿದ ಬಿಸ್ಕತ್ತನ್ನು (ನಮ್ಮ ಶೇಂಗಾ ಉಂಡೆಯ ದೂರದ ನೆಂಟ ಎನ್ನಬಹುದು) ಕೆಲವು ಹಳ್ಳಿಗಳಲ್ಲಿ ಬಸುರಿಯರಿಗೆ, ಉಳಿದ ಹಳ್ಳಿಗಳಲ್ಲಿ ಹೆರಿಗೆಯ ನಂತರ ಕೊಟ್ಟರು. ಬಸುರಿಯಲ್ಲಿ ತಿಂದವರ ಮಕ್ಕಳು ಸರಾಸರಿ 136 ಗ್ರಾಂ ಹೆಚ್ಚು ತೂಗಿದವು. ಹಳೆಯ ಕಾಳು ಮುಗಿದು ಹೊಸ ಬೆಳೆ ಬಾರದ ಹಸಿವಿನ ತಿಂಗಳುಗಳಲ್ಲಿ ಈ ವ್ಯತ್ಯಾಸ 201 ಗ್ರಾಂ!

ಹುಟ್ಟಿದ ಮೇಲಿನ ಬೆಳವಣಿಗೆಯನ್ನು ಅಳೆಯುವ ಪಟ್ಟಿಯಲ್ಲೇ ಇನ್ನೊಂದು ದೋಷವಿತ್ತು. 1977ರಲ್ಲಿ ಅಮೆರಿಕ ತಯಾರಿಸಿ ಆಮೇಲೆ ಜಗತ್ತೆಲ್ಲ ಬಳಸಿದ ನಕ್ಷೆಗೆ ಆಧಾರವಾದ ಓಹಾಯೋದ ಶಿಶುಗಳಲ್ಲಿ ಹೆಚ್ಚಿನವು ಸೀಸೆಹಾಲು ಕುಡಿದವು. ಎದೆಹಾಲಿನ ಮಗು ಮೊದಲೆರಡು ಮೂರು ತಿಂಗಳು ಬೇಗ ಬೆಳೆದು ಆಮೇಲೆ ನಿಧಾನಿಸುತ್ತದೆ. ಆ ನಕ್ಷೆಯಲ್ಲಿ ಅದು ಹಿಂದೆ ಬಿದ್ದಂತೆ ಕಾಣುತ್ತಿತ್ತು. 'ನಿನ್ನ ಹಾಲು ಸಾಲದು' ಎಂಬ ಮಾತನ್ನು ಎಷ್ಟು ತಾಯಂದಿರು ಸುಮ್ಮಸುಮ್ಮನೆ ಕೇಳಿರಬೇಕೋ! ಭಾರತವೂ ಸೇರಿ ಆರು ದೇಶಗಳ ಎದೆಹಾಲಿನ ಮಕ್ಕಳನ್ನು ಅಳೆದು ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾನದಂಡ ಪ್ರಕಟಿಸಿದ್ದು 2006ರಲ್ಲಿ.

ದಾಸ್ತಾನು ಹೆಚ್ಚಿದಷ್ಟೂ ಹಾಲು ಹೆಚ್ಚೆಂದೂ ತಿಳಿಯಬಾರದು. ಸ್ಥೂಲಕಾಯದ ತಾಯಂದಿರು ಹಾಲೂಡಿಕೆಯನ್ನು ಬೇಗ ನಿಲ್ಲಿಸುತ್ತಾರೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ರಾಸ್ಮುಸೆನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಮಗು ಚೀಪಿದಾಗ ಏರಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನು ಅಂಥವರಲ್ಲಿ ಮೊದಲ ವಾರ ಸಾಕಷ್ಟು ಏರುವುದಿಲ್ಲವೆಂಬುದು 2004ರಲ್ಲಿ ಗೊತ್ತಾಯಿತು. ಮಿತಿಗಳನ್ನು 2009ರಲ್ಲಿ ಪರಿಷ್ಕರಿಸಿದ ಸಮಿತಿಗೆ ಆಕೆಯೇ ಅಧ್ಯಕ್ಷೆ. ಅದರಂತೆ ತೀರಾ ತೆಳ್ಳಗಿನವರು 12.5-18, ಸಾಮಾನ್ಯ ಮೈಕಟ್ಟಿನವರು 11.5-16, ದಪ್ಪ ಮೈಯವರು 7-11.5, ಸ್ಥೂಲಕಾಯದವರು 5-9 ಕಿಲೋಗ್ರಾಂ ಏರಬಹುದು. ಇವು ಅಮೆರಿಕದ ಹೆಂಗಸರನ್ನು ಕಣ್ಣಮುಂದಿಟ್ಟು ಮಾಡಿದ ಅಂಕಿಗಳೆಂಬುದು ನೆನಪಿರಲಿ.

ಬಸುರಿಯ ತೂಕವನ್ನು ಬರೆದಿಟ್ಟುದರ ಬೆಲೆ ಗೊತ್ತಾದದ್ದು ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. 2.5 ಕಿಲೋಗ್ರಾಂ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡ 11 ಮಂದಿಗೆ ಹೃದ್ರೋಗ, 3.1 ಕಿಲೋಗ್ರಾಂ ಮೀರಿದವರಲ್ಲಿ ಶೇಕಡ 3. ಬಸುರಿಯಲ್ಲಿ ತಾಯಿಯ ತೂಕ ಕಡಿಮೆಯಿದ್ದವರಲ್ಲೂ ರೋಗ ಹೆಚ್ಚು.

ನಮ್ಮಲ್ಲಿ ಅಂಟಿನುಂಡೆ, ಕೊಬ್ಬರಿ, ತುಪ್ಪ ಎಲ್ಲ ಹೊರಬರುವುದು ಬಾಣಂತನದಲ್ಲಿ. ಬಾಣಂತಿಗೆ ಅದು ಬೇಕು, ಅವಳ ಮೈ ಸವೆಯದಿರಲು. ಆದರೆ ಗ್ಯಾಂಬಿಯಾದ ಲೆಕ್ಕದಂತೆ ಬಸುರಿಯ ತಟ್ಟೆಗೂ ಐದನೆಯ ತಿಂಗಳಿಂದಲೇ ಒಂದು ಪಾಲು ಬೀಳಬೇಕು. ಕರ್ನಾಟಕದಲ್ಲಿ 2017ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಬಸುರಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡಲು ಹೊರಟದ್ದು ಈ ದೃಷ್ಟಿಯಿಂದ ಸರಿ. ತಾಯಿ ಕಾರ್ಡಿನಲ್ಲಿ ತೂಕ ಬರೆಯಲು ಜಾಗವಿದೆ. ನಾಲ್ಕು ತಿಂಗಳು ಕಳೆದ ಮೇಲೆ ಎರಡು ತಿಂಗಳು ಸತತವಾಗಿ ಅಲ್ಲಿ ಒಂದೇ ಅಂಕಿ ಬಿದ್ದಿದ್ದರೆ ವೈದ್ಯರಿಗೆ ತೋರಿಸಲು ಅಷ್ಟೇ ಕಾರಣ ಸಾಕು.