ದೊಡ್ಡ ಫ್ರಿಡ್ಜ್ ತರೋ ಮುಂಚೆ ಮನೆ ಬಾಗಿಲು ಅಳೀರಿ, ಅರ್ಥಿಂಗ್ ನೋಡಿಸಿ

ಮಧುಗಿರಿ, ಶಿರಾ, ಪಾವಗಡ, ಯಾವ ಪೇಟೆಗೆ ಹೋದ್ರೂ ಬೇಸಿಗೆ ಹತ್ತಿರ ಬಂತೆಂದರೆ ಎಲೆಕ್ಟ್ರಾನಿಕ್ಸ್ ಅಂಗಡಿ ಮುಂದೆ ‘ಜೀರೋ ಡೌನ್ ಪೇಮೆಂಟ್’ ಬೋರ್ಡು ಬೀಳುತ್ತೆ. ಒಂದು ಬಾಗಿಲಿನ ಸಣ್ಣ ಫ್ರಿಡ್ಜ್‌ನಲ್ಲೇ ಹತ್ತು ಹದಿನೈದು ವರ್ಷ ಕಳೆದ ಮನೆಯವರು ಈಗ ಡಬಲ್ ಡೋರ್, ಬೀರು ಥರ ಅಕ್ಕಪಕ್ಕ ತೆರೆಯೋ ಸೈಡ್ ಬೈ ಸೈಡ್ ಕೇಳ್ತಿದ್ದಾರೆ. ಅರ್ಧ ಲಕ್ಷ, ಮುಕ್ಕಾಲು ಲಕ್ಷದ ಮಾತು. ಯಾವ ಕಂಪನಿದು ಒಳ್ಳೇದು ಅಂತ ತಲೆ ಕೆಡಿಸಿಕೊಳ್ಳೋ ಹೊತ್ತಿನಲ್ಲಿ ಅರ್ಧದಷ್ಟನ್ನ ಮನೆ ಕರೆಂಟು, ಇಡೋ ಜಾಗ, ರಿಪೇರಿಗೆ ಯಾರು ಬರ್ತಾರೆ ಅನ್ನೋದಕ್ಕೆ ಕೊಟ್ಟರೆ ದುಡ್ಡು ಉಳಿಯುತ್ತೆ.

ಎಷ್ಟು ದೊಡ್ಡದು ಬೇಕು?

ಒಂದು ಬಾಗಿಲಿನದ್ದಕ್ಕೆ ಡೈರೆಕ್ಟ್ ಕೂಲ್ ಅಂತಾರೆ. 180–200 ಲೀಟರ್ ಆಸುಪಾಸು. ಐಸ್ ಕಟ್ಟುತ್ತೆ, ಬಟನ್ ಒತ್ತಿ ಕರಗಿಸಬೇಕು. ಡಬಲ್ ಡೋರ್ ಮತ್ತು ಅದಕ್ಕಿಂತ ದೊಡ್ಡವು ಫ್ರಾಸ್ಟ್ ಫ್ರೀ. ಒಳಗೊಂದು ಫ್ಯಾನ್ ತಣ್ಣನೆ ಗಾಳಿ ಓಡಿಸುತ್ತೆ, ಕಟ್ಟಿದ ಐಸನ್ನ ಸಣ್ಣ ಹೀಟರ್ ತಾನೇ ಕರಗಿಸುತ್ತೆ. ಐದಾರು ಜನರ ಮನೆಗೆ 250ರಿಂದ 350 ಲೀಟರ್ ಡಬಲ್ ಡೋರ್ ಧಾರಾಳ ಸಾಕು ಅನ್ನೋದು ನಮ್ಮ ಅಭಿಪ್ರಾಯ.

ಸೈಡ್ ಬೈ ಸೈಡ್ 500 ಲೀಟರ್ ಮೇಲೆ ಇರುತ್ತೆ ನಿಜ, ಆದ್ರೆ ಅದರಲ್ಲಿ ದೊಡ್ಡ ಪಾಲು ಫ್ರೀಜರ್‌ಗೇ ಹೋಗುತ್ತೆ. ಸೊಪ್ಪು ಸಂತೆಯಿಂದ, ಹಾಲು ಡೇರಿಯಿಂದ ದಿನಾ ಬರೋ ಮನೆಗೆ ಅಷ್ಟು ಫ್ರೀಜರ್ ಯಾಕೆ? ಇನ್ನೊಂದು ವಿಷಯ, ಅದರ ಒಂದೊಂದು ಕಡೆಯೂ ಉದ್ದಕ್ಕೆ ಇಕ್ಕಟ್ಟಾಗಿರುತ್ತೆ. ಇಡ್ಲಿ ಹಿಟ್ಟಿನ ಅಗಲದ ಪಾತ್ರೆ ಹಿಡಿಸುತ್ತಾ ಅಂತ ಅಂಗಡಿಯಲ್ಲೇ ಅಳತೆ ಹಾಕಿ ನೋಡಿ.

ಬಾಗಿಲಲ್ಲೇ ನೀರು ಬರೋದು, ತಾನೇ ಐಸ್ ಮಾಡೋದು ಇವೆಲ್ಲಾ ಷೋರೂಂನಲ್ಲಿ ಚೆಂದ. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಗೇ ಬಿಳಿ ಪದರ ಕಟ್ಟೋ ನೀರು ಆ ಸಣ್ಣ ಪೈಪು, ವಾಲ್ವ್‌ಗಳನ್ನ ಬಿಡುತ್ತಾ? ಬೇಕೇ ಬೇಕು ಅಂದ್ರೆ ಫಿಲ್ಟರ್ ನೀರು ಮಾತ್ರ ಹಾಕಿ. ವೈಫೈ, ಮೊಬೈಲ್ ಆ್ಯಪ್‌ಗೆ ಜಾಸ್ತಿ ದುಡ್ಡು ಕೊಡೋದು ದಂಡ.

ಅಂದ ಹಾಗೆ, ಜಿಎಸ್‌ಟಿ ಇಳಿದಿದ್ದಕ್ಕೇ ಫ್ರಿಡ್ಜ್ ಅಗ್ಗ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. 2025ರ ಸೆಪ್ಟೆಂಬರ್‌ನಲ್ಲಿ ಶೇ 28ರಿಂದ 18ಕ್ಕೆ ಇಳಿದಿದ್ದು ಎಸಿ, ದೊಡ್ಡ ಟಿವಿ, ಡಿಶ್ ವಾಷರ್. ಫ್ರಿಡ್ಜ್‌ಗೆ 2018ರ ಜುಲೈಯಿಂದಲೇ ಶೇ 18 ಇದೆ.

ಗೃಹಜ್ಯೋತಿ ಲೆಕ್ಕ

ಸ್ಟಾರ್ ಎಷ್ಟು ಅಂತ ಮಾತ್ರ ನೋಡ್ಬೇಡಿ. ಅದೇ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತೆ, ಅದನ್ನ 12ರಿಂದ ಭಾಗಿಸಿ. 240 ಅಂತಿದ್ರೆ ತಿಂಗಳಿಗೆ 20 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಸಿಗೋದು 2022–23ರ ಸರಾಸರಿ ಬಳಕೆ, ಜೊತೆಗೆ ಶೇ 10 (ಸರಾಸರಿ 48 ಯೂನಿಟ್‌ವರೆಗೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್). ನಿಮ್ಮ ಸರಾಸರಿ 70 ಇತ್ತು ಅಂದುಕೊಳ್ಳಿ, ಮಿತಿ 77. ಈಗ 72 ಉರಿಸ್ತಿದ್ದೀರಿ. ಮನೆಯಲ್ಲಿ ಫ್ರಿಡ್ಜೇ ಇಲ್ಲದೆ ಹೊಸದು ತಂದ್ರೆ 92 ಆಗುತ್ತೆ, 15 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಈಗಾಗ್ಲೇ 190ರ ಹತ್ತಿರ ಇರೋ ಮನೆಯವರು ಇನ್ನೂ ಹುಷಾರಾಗಿರಬೇಕು. 200 ದಾಟಿತೋ ಆ ತಿಂಗಳ ಬಿಲ್ ಪೂರ್ತಿ ನಿಮ್ಮದೇ. ಹಳೇ ಫ್ರಿಡ್ಜ್ ತೆಗೆದು ಹೊಸದು ಇಡೋರಿಗೆ ಕಮ್ಮಿಯಾದ್ರೂ ಆಗಬಹುದು. ಹಳೇದನ್ನ ಹಿಂದಿನ ರೂಮಲ್ಲಿ ‘ಇರಲಿ’ ಅಂತ ಓಡಿಸಿದ್ರೆ ಮಾತ್ರ ಎರಡರ ಲೆಕ್ಕಾನೂ ಬರುತ್ತೆ.

ಒಳಗೆ ಹೋಗೋದು ಹೇಗೆ?

ಸೈಡ್ ಬೈ ಸೈಡ್ ಅಗಲ ಸುಮಾರು 90 ಸೆಂಟಿಮೀಟರ್, ಅಂದ್ರೆ ಮೂರು ಅಡಿ. ಹಳೇ ಮನೆ ಅಡುಗೆಮನೆ ಬಾಗಿಲು ಎಷ್ಟೋ ಕಡೆ ಎರಡೂವರೆ ಅಡಿ. ಗೇಟಿಂದ ಹಿಡಿದು ಮೆಟ್ಟಿಲ ತಿರುವಿನವರೆಗೂ ಟೇಪ್ ಹಿಡಿದು ಅಳೀರಿ. ಆಮೇಲೆ ಹೊಸ್ತಿಲ ಹತ್ತಿರ ನಿಂತು ಫ್ರಿಡ್ಜ್ ಬಾಗಿಲು ಬಿಚ್ಚಬೇಕಾ, ಮನೆ ಚೌಕಟ್ಟು ಕೀಳಬೇಕಾ ಅಂತ ಜಗಳ ಆಡೋದು ತಪ್ಪುತ್ತೆ.

ಹಿಂದೆ ಒಂದು ಗೇಣಿನಷ್ಟಾದ್ರೂ ಜಾಗ ಇರಲಿ, ಪಕ್ಕದಲ್ಲಿ ಎರಡು ಬೆರಳು. ಒಲೆ ಪಕ್ಕ, ಬಿಸಿಲು ಬೀಳೋ ಕಿಟಕಿ ಹತ್ತಿರ ಬೇಡ. ಟಾಟಾ ಏಸ್‌ನಲ್ಲಿ ಮಲಗಿಸಿಕೊಂಡು ತರೋಕೆ ಬಿಡ್ಬೇಡಿ. ತಂದ ತಕ್ಷಣ ಸ್ವಿಚ್ ಹಾಕ್ಬೇಡಿ, ಎರಡು ಮೂರು ಗಂಟೆ ನಿಲ್ಲಿಸಿ, ಕಂಪ್ರೆಸರ್ ಎಣ್ಣೆ ಕೆಳಗಿಳಿಯಲಿ.

ಹೊಸ ಫ್ರಿಡ್ಜ್‌ನ ಎರಡೂ ಪಕ್ಕ ಮುಟ್ಟಿದ್ರೆ ಬಿಸಿ ಇರುತ್ತೆ. ಗಾಬರಿ ಬೇಡ. ಮೊದಲು ಹಿಂದೆ ಕಾಣ್ತಿದ್ದ ಕಪ್ಪು ಜಾಲರಿ ಪೈಪು ಈಗ ಪಕ್ಕದ ತಗಡಿನೊಳಗೆ ಇರುತ್ತೆ, ಅಷ್ಟೇ.

ಕರೆಂಟ್ ವಿಷಯ, ಇದನ್ನ ಪೂರ್ತಿ ಓದಿ

ಮನೆಗೆ ಬರಬೇಕಾದ್ದು 230 ವೋಲ್ಟ್. ಶೇ 6 ಹೆಚ್ಚು ಕಮ್ಮಿ, ಅಂದ್ರೆ 216ರಿಂದ 244ರೊಳಗೆ ಇದ್ರೆ ಸರಿ. ಸಂಜೆ ಏಳರ ಹೊತ್ತಿಗೆ, ಮನೆಯ ನೀರಿನ ಮೋಟ್ರು ಓಡ್ತಿರುವಾಗ ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ಇಡಿಸಿ ನೋಡಿ. ‘ಸ್ಟೆಬಿಲೈಜರ್ ಬೇಡ’ ಅಂತ ಕಂಪನಿ ಹೇಳೋದು ಒಂದು ಮಿತಿಯೊಳಗೆ ಮಾತ್ರ. ಆ ಮಿತಿ ಎಷ್ಟು ವೋಲ್ಟ್‌ನಿಂದ ಎಷ್ಟು ಅಂತ ಮಾಡೆಲ್‌ಗೊಂದು ಥರ ಇರುತ್ತೆ. ಪುಸ್ತಕ ತೆಗೆಸಿ ಓದಿ.

ಕಮ್ಮಿ ವೋಲ್ಟೇಜ್‌ಗಿಂತ ಭಯ ಪಡಬೇಕಾದ್ದು ನ್ಯೂಟ್ರಲ್ ಕಟ್ ಆದಾಗ. ಗಾಳಿ ಮಳೆಗೆ ಕಂಬದಲ್ಲೋ ಟಿಸಿಯಲ್ಲೋ ನ್ಯೂಟ್ರಲ್ ತಂತಿ ಬಿಟ್ಟರೆ ಕೆಲವು ಮನೆಗೆ 400ರ ಹತ್ತಿರದವರೆಗೂ ವೋಲ್ಟೇಜ್ ನುಗ್ಗಬಹುದು. ಒಂದು ರೂಮಲ್ಲಿ ಬಲ್ಬ್ ಇದ್ದಕ್ಕಿದ್ದಂತೆ ಪ್ರಖರ, ಪಕ್ಕದ ಮನೆಯಲ್ಲಿ ಮಂಕು, ಹಿಂಗಾದ್ರೆ ಮೊದಲು ಮೇನ್ ಇಳಿಸಿ, ಆಮೇಲೆ 1912ಕ್ಕೆ ಫೋನ್ ಮಾಡಿ. ಇನ್ವರ್ಟರ್ ಕಂಪ್ರೆಸರ್ ಫ್ರಿಡ್ಜ್ ನಡೆಸೋದು ಒಳಗಿನ ಎಲೆಕ್ಟ್ರಾನಿಕ್ ಬೋರ್ಡು, ಸುಟ್ಟು ಹೋಗೋದೂ ಅದೇ. ಹೈ ವೋಲ್ಟೇಜ್‌ಗೆ ತಾನೇ ಕಟ್ ಆಗೋ ಸ್ಟೆಬಿಲೈಜರ್ ಹಾಕೋದು ಈ ಕಾರಣಕ್ಕೆ.

ಇನ್ನು ಅರ್ಥಿಂಗ್. ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಹಳೇ ವೈರಿಂಗ್‌ನಲ್ಲಿ ದೊಡ್ಡ ತೂತಿಗೆ ತಂತಿಯೇ ಇರಲ್ಲ. ಇದ್ದರೂ ಮನೆ ಹಿಂದಿನ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿರುತ್ತೆ. ಆಗಾಗ ಒಂದು ಕೊಡ ನೀರು ಹಾಕ್ತಿರಿ. ಫ್ರಿಡ್ಜ್ ಮುಟ್ಟಿದಾಗ ಕೈ ಜುಂ ಅಂತಂದ್ರೆ ‘ಸ್ವಲ್ಪ ಹಂಗೇ’ ಅಂತ ಬಿಡೋ ವಿಷಯ ಅಲ್ಲ ಅದು. ಒದ್ದೆ ಕಾಲಲ್ಲಿ ಮೊದಲು ಬಾಗಿಲು ತೆರೆಯೋದು ಮನೆ ಮಕ್ಕಳು. ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ನೋಡೋ ತನಕ ಹಾಕ್ಬೇಡಿ. 30 ಮಿಲಿ ಆಂಪ್ಸ್ ಆರ್‌ಸಿಸಿಬಿ ಒಂದು ಮೇನ್ ಹತ್ತಿರ ಹಾಕಿಸಿಬಿಡಿ. ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಫ್ರಿಡ್ಜ್ ಸಿಕ್ಕಿಸೋ ಅಭ್ಯಾಸವೂ ಬೇಡ.

ಕೆಟ್ಟಾಗ ಏನು ನೋಡಬೇಕು?

ಕೆಳಗೆ 4 ಡಿಗ್ರಿ, ಫ್ರೀಜರ್ ಮೈನಸ್ 18, ಇದು ಸರಿಯಾದ ಅಳತೆ. ತಂಪು ಕಮ್ಮಿ ಆದ್ರೆ ಮೊದಲು ಬಾಗಿಲ ರಬ್ಬರ್ ನೋಡಿ. ಹತ್ತು ರೂಪಾಯಿ ನೋಟು ಮಧ್ಯೆ ಇಟ್ಟು ಬಾಗಿಲು ಮುಚ್ಚಿ ಎಳೀರಿ, ಸಲೀಸಾಗಿ ಬಂದ್ರೆ ರಬ್ಬರ್ ಸಡಿಲ. ಸೋಪಿನ ನೀರಲ್ಲಿ ಒರೆಸಿದ್ರೇ ಕೆಲವು ಸಲ ಸರಿ ಹೋಗುತ್ತೆ. ತರಕಾರಿ ಡಬ್ಬಿ ಕೆಳಗೆ ನೀರು ನಿಲ್ತಿದ್ರೆ ಒಳಗಿನ ಹಿಂಬದಿಯಲ್ಲಿರೋ ಸಣ್ಣ ತೂತು ಕಟ್ಟಿದೆ ಅಂತ ಅರ್ಥ. ಉಗುರುಬೆಚ್ಚಗಿನ ನೀರು ಬಿಟ್ಟು ನೋಡಿ.

ಡಬಲ್ ಡೋರ್‌ನಲ್ಲಿ ಜನ ಮೋಸ ಹೋಗೋದು ಈ ಒಂದು ಲಕ್ಷಣದಲ್ಲಿ: ಮೇಲೆ ಫ್ರೀಜರ್ ಚೆನ್ನಾಗಿದೆ, ಕೆಳಗೆ ಹಾಲು ಒಡೀತಿದೆ. ಬಂದವರು ಗ್ಯಾಸ್ ಹೋಗಿದೆ, ಮೂರು ನಾಲ್ಕು ಸಾವಿರ ಆಗುತ್ತೆ ಅಂತಾರೆ. ಒಂದು ದಿನ ಪೂರ್ತಿ ಆಫ್ ಮಾಡಿ, ಬಾಗಿಲು ತೆಗೆದಿಟ್ಟು ಮತ್ತೆ ಹಾಕಿ. ನಾಲ್ಕೈದು ದಿನ ಸರಿ ಇದ್ದು ಮತ್ತೆ ಹಂಗೇ ಆದ್ರೆ ಬಹುತೇಕ ಗ್ಯಾಸ್ ಅಲ್ಲ. ಐಸ್ ಕರಗಿಸೋ ಹೀಟರ್ ಅಥವಾ ಅದರ ಸೆನ್ಸರ್ ಕೆಲಸ ಮಾಡ್ತಿಲ್ಲ, ಫ್ರೀಜರ್ ಹಿಂದೆ ಐಸ್ ಕಟ್ಟಿ ಗಾಳಿ ದಾರಿ ಮುಚ್ಚಿದೆ. ಬಂದವರಿಗೆ ಇದನ್ನ ಮೊದಲೇ ಹೇಳಿ.

ನಿಜವಾಗಿ ಗ್ಯಾಸ್ ಹಾಕಿಸಬೇಕಾದ್ರೆ ಕಂಪ್ರೆಸರ್ ಮೇಲಿನ ಚೀಟಿ ನೋಡಿ. ಆರ್600ಎ ಅಂತಿದ್ರೆ ಅದು ಐಸೋಬ್ಯೂಟೇನ್, ಬೆಂಕಿ ಹತ್ತೋ ಗ್ಯಾಸ್. ಹಳೇ ಆರ್134ಎ ಫ್ರಿಡ್ಜ್ ಥರ ಅಡುಗೆಮನೆಯಲ್ಲೇ ಟಾರ್ಚ್ ಹಚ್ಚಿ ಬೆಸುಗೆ ಹಾಕೋಕೆ ಬಿಡ್ಬೇಡಿ. ಪಕ್ಕದಲ್ಲಿ ಸಿಲಿಂಡರ್ ಇರುತ್ತೆ ಅನ್ನೋದು ನೆನಪಿರಲಿ. ಲೀಕ್ ಎಲ್ಲಿ ಅಂತ ಹುಡುಕದೆ, ವ್ಯಾಕ್ಯೂಮ್ ಮಾಡದೆ, ಡ್ರೈಯರ್ ಬದಲಾಯಿಸದೆ ಗ್ಯಾಸ್ ತುಂಬಿದ್ರೆ ಮತ್ತೆ ಕೆಡೋಕೆ ಜಾಸ್ತಿ ದಿನ ಬೇಡ. ಡೈರೆಕ್ಟ್ ಕೂಲ್‌ನಲ್ಲಿ ಐಸನ್ನ ಚಾಕುವಲ್ಲಿ ಕುಕ್ಕೋರು ಈ ಖರ್ಚನ್ನ ತಾವೇ ಕರೆದುಕೊಳ್ತಾರೆ. ಕಣಜ, ಗೋದಾಮು ಹತ್ತಿರದ ಮನೆಗಳಲ್ಲಿ ಇಲಿ ಹಿಂದಿನ ವೈರ್ ಕಡಿಯೋದೂ ಇದೆ, ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಹಿಂದೆ ಗುಡಿಸಿ.

ಕರೆಂಟ್ ಹೋದಾಗ ಬಾಗಿಲು ತೆರೀದಿದ್ರೆ ಕೆಳಗಿನ ಸಾಮಾನು ನಾಲ್ಕು ಗಂಟೆ ತಡೆಯುತ್ತೆ. ತುಂಬಿದ ಫ್ರೀಜರ್ ಎರಡು ದಿನ, ಅರ್ಧ ತುಂಬಿದ್ದು ಒಂದು ದಿನ.

ಅಂಗಡಿಯವರಿಗೆ, ಮತ್ತೆ ಬಿಲ್ ಬಗ್ಗೆ

ಹಾಲು, ಜ್ಯೂಸ್ ಇಡೋಕೆ ಮನೆ ಫ್ರಿಡ್ಜನ್ನೇ ಅಂಗಡಿಯಲ್ಲಿ ಇಟ್ಟುಕೊಂಡವರು ಬಹಳ ಜನ. ವ್ಯಾಪಾರದ ಜಾಗದಲ್ಲಿ ಬಳಸಿದ್ರೆ ವಾರಂಟಿ ಇಲ್ಲ ಅಂತ ಎಷ್ಟೋ ಕಂಪನಿಗಳ ವಾರಂಟಿ ಕಾರ್ಡಲ್ಲೇ ಸಣ್ಣಕ್ಷರದಲ್ಲಿ ಇರುತ್ತೆ. ದಿನಕ್ಕೆ ನೂರು ಸಲ ಬಾಗಿಲು ತೆಗೆಯೋ ಕೆಲಸಕ್ಕೆ ಗಾಜಿನ ಬಾಗಿಲಿನ ವಿಸಿ ಕೂಲರ್ ಬೇರೆಯೇ ಇದೆ.

‘ಹತ್ತು ವರ್ಷ ವಾರಂಟಿ’ ಸಾಮಾನ್ಯವಾಗಿ ಕಂಪ್ರೆಸರ್‌ಗೆ ಮಾತ್ರ. ಗ್ಯಾಸ್, ಬೋರ್ಡು, ಕೂಲಿ, ಬಂದು ಹೋಗೋ ಚಾರ್ಜು ಸೇರಿದೆಯಾ ಕೇಳಿ. ಪಾವಗಡದಿಂದ ತುಮಕೂರಿಗೆ 100 ಕಿಲೋಮೀಟರ್ ಆಸುಪಾಸು, ಸರ್ವಿಸ್‌ನವರು ಎಲ್ಲಿಂದ ಬರ್ತಾರೆ, ಎಷ್ಟು ದಿನಕ್ಕೆ ಬರ್ತಾರೆ ಅಂತ ದುಡ್ಡು ಕೊಡೋ ಮುಂಚೆ ಕೇಳೋದು ಒಳ್ಳೇದು. ಸೀರಿಯಲ್ ನಂಬರ್ ಹಾಕಿದ ಜಿಎಸ್‌ಟಿ ಬಿಲ್ ತಗೊಂಡು ಮೊಬೈಲಲ್ಲಿ ಫೋಟೋ ಇಟ್ಕೊಳ್ಳಿ. ಪೇಪರ್ ಬಿಲ್ ಅಕ್ಷರ ವರ್ಷದೊಳಗೇ ಅಳಿಸಿ ಹೋಗುತ್ತೆ.

ವಾರಂಟಿ ಇದ್ದೂ ಅಲೆದಾಡಿಸ್ತಿದ್ರೆ ದೂರಿನ ನಂಬರ್ ಬರೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗ ಇದೆ. ವಸ್ತುವಿಗೆ ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ, ವಕೀಲರಿಲ್ಲದೆ ನೀವೇ ದೂರು ಕೊಡಬಹುದು.