ಮಾವನ ಅಂಬಾಸಡರ್ ಮತ್ತು ನನ್ನ ಹೆಬ್ಬೆಟ್ಟು

1995ರಲ್ಲಿ ಬ್ಯಾಂಕ್ ಕೆಲಸಕ್ಕೆ ದಿಲ್ಲಿಗೆ ಬಂದಾಗ ನಾನು ಉಳಿದದ್ದು ಈಸ್ಟ್ ಕಿದ್ವಾಯಿ ನಗರದಲ್ಲಿ, ಸೋದರಮಾವನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಮನೆ ಮುಂದೆ ಮಾವನ ಹಳೇ ಅಂಬಾಸಡರ್. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನೇ ಹಿಂದುಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿ ಇಟ್ಟ ಹೆಸರು ಅದು. 1489 ಸಿಸಿ, ನಾಲ್ಕು ಸಿಲಿಂಡರ್. ಮಾವ ಕೊಂಡ ಕಾಲಕ್ಕೆ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಎಂಜಿನ್ ಸವೆದರೆ ಗಾಡಿ ಬದಲಿಸುವ ಮಾತೇ ಇಲ್ಲ, ಬಿಚ್ಚಿ ರಿಪೇರಿ ಮಾಡಿಸುವುದೇ!

ಮಿಸ್ತ್ರಿ ಹೊಸ ಪಿಸ್ಟನ್ ಕೂರಿಸಿದ. ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಚುಕ್ಕಿಗಳು ಎದುರುಬದುರಾಗುವಂತೆ ಟೈಮಿಂಗ್ ಚೈನ್ ಹಾಕಿದ. ಸ್ಟಾರ್ಟ್ ಮಾಡಿದರೆ ಕಾರ್ಬ್ಯುರೇಟರಿನಿಂದ ಢಬ್! ಮಾವನ ಮುಖ ಸಪ್ಪಗಾಯ್ತು. ಎರಡು ತಿಂಗಳ ಸಂಬಳ ಅದರಲ್ಲಿತ್ತು ನೋಡಿ.

ಪಿಸ್ಟನ್ ಒಂದು ಆವರ್ತನದಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಗಾಳಿ-ಪೆಟ್ರೋಲ್ ಒತ್ತಲು, ಇನ್ನೊಮ್ಮೆ ಹೊಗೆ ದೂಡಲು. ಕಿಡಿ ಬೇಕಾದದ್ದು ಮೊದಲನೆಯದಕ್ಕೆ, ನಮ್ಮಲ್ಲಿ ಬೀಳುತ್ತಿದ್ದದ್ದು ಎರಡನೆಯದಕ್ಕೆ.

ಮಿಸ್ತ್ರಿ ಒಂದನೇ ಪ್ಲಗ್ ಬಿಚ್ಚಿ, 'ಅಂಗೂಠಾ ಲಗಾವೋ ಬಾಬೂಜಿ' ಅಂದ. ಬ್ಯಾಂಕಿನಲ್ಲಿ ಜನರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ನಾನು ಅವತ್ತು ಪ್ಲಗ್ಗಿನ ತೂತಿಗೆ ಒತ್ತಿದೆ! ಹ್ಯಾಂಡಲ್ ನಿಧಾನ ತಿರುಗಿಸಿದ. ಒಂದು ಸುತ್ತಿನಲ್ಲಿ ಏನೂ ಇಲ್ಲ, ಮುಂದಿನ ಸುತ್ತಿನಲ್ಲಿ ಗಾಳಿ ಬೆರಳನ್ನೇ ತಳ್ಳಿತು. ಪುಲಿಯ ಗುರುತು ಕೂಡಿದಾಗ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ರೋಟರ್ ಮುಖ ಮಾಡಿದ ಕಡೆಗೆ ಒಂದನೇ ವೈರ್ ಸಿಕ್ಕಿಸಿದ. ಉಳಿದವು 1-3-4-2 ಕ್ರಮದಲ್ಲಿ. ಗಾಡಿ ಸ್ಟಾರ್ಟ್ ಆಯಿತು. ಮಾವ ಎಲ್ಲರಿಗೂ ಚಹಾ ತರಿಸಿದರು.

2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ತಯಾರಿಕೆ ನಿಂತಿತು. ಅದೇ ನವೆಂಬರಿನಲ್ಲಿ ಹಸಿರು ನ್ಯಾಯಾಧಿಕರಣ 15 ವರ್ಷ ದಾಟಿದ ಗಾಡಿಗಳು ದಿಲ್ಲಿಯಲ್ಲಿ ಓಡಬಾರದು ಎಂದಿತು. ಎಂಜಿನ್ ಹೇಗಿದೆ ಅಂತ ಯಾರೂ ಕೇಳಲಿಲ್ಲ. ಮಾವ ಗುಜರಿಗೆ ಕೊಟ್ಟರು. ಆ ಕ್ವಾರ್ಟರ್ಸ್ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಬಂದಿವೆ. ಹ್ಯಾಂಡಲ್ ಮಾತ್ರ ನನ್ನ ಬಾಲ್ಕನಿಯಲ್ಲಿದೆ.